ಪಾಲಕರ ಸಭೆಗೆ ಬಂದವರು ಒಂಬತ್ತು ಜನ

ಹೋದ ವರ್ಷ ಆಗಸ್ಟ್‌ನಲ್ಲಿ ನನ್ನ ಮಗಳ ಹೈಸ್ಕೂಲಿನಲ್ಲಿ ಪಾಲಕರ ಸಭೆ ಕರೆದಿದ್ದರು. ಟೈಮು ಬೆಳಗ್ಗೆ 11. ಅವಳ ಕ್ಲಾಸಿನಲ್ಲಿ 46 ಮಕ್ಕಳು, ಬಂದ ಪಾಲಕರು ಒಂಬತ್ತು ಜನ. ಅದರಲ್ಲಿ ಇಬ್ಬರು ಅಜ್ಜಿಯರು. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಸಿಗಿಸಿಕೊಂಡು ಕೂತೆವು. ಪ್ರಾರ್ಥನೆ ಆಯಿತು, ಸ್ವಾಗತ ಆಯಿತು, ಮುಂದೆ ಕೂತಿದ್ದ ಹಿರಿಯರಿಗೆ ಶಾಲು ಹೊದಿಸಿದ್ದಾಯಿತು, ಆಮೇಲೆ ಒಬ್ಬರಾದ ಮೇಲೆ ಒಬ್ಬರು ಎದ್ದು ನಿಂತು ಮಕ್ಕಳ ಭವಿಷ್ಯ ನಿಮ್ಮ ಕೈಯಲ್ಲಿದೆ ಅಂತ ಒಂದೂವರೆ ತಾಸು ಹೇಳಿದರು. ಕೊನೆಗೆ ಸಾಲಾಗಿ ನಿಂತು ಅಂಕಪಟ್ಟಿಗೆ ಸಹಿ. ನನ್ನ ಮುಂದಿದ್ದ ಅಜ್ಜಿ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಕೇಳಿದರು: 'ನಮ್ಮ ಹುಡುಗ ಹ್ಯಾಂಗ ಅದಾನ್ರಿ ಸರ?'

'ಗಣಿತದಾಗ ವೀಕ್ ಅದಾನ ಆಯಿ. ಮನ್ಯಾಗ ಓದಸ್ರಿ.'

ಅಜ್ಜಿ ತಲೆ ಆಡಿಸಿದರು. ಅರ್ಧ ನಿಮಿಷದಲ್ಲಿ ಮುಗಿಯಿತು. ಓದು ಬಾರದ ಅಜ್ಜಿ ಒಂಬತ್ತನೇ ಕ್ಲಾಸಿನ ಬೀಜಗಣಿತವನ್ನು ಮನೆಯಲ್ಲಿ ಹೇಗೆ ಓದಿಸಬೇಕು ಅಂತ ಸರ್ ಹೇಳಲಿಲ್ಲ, ಅಜ್ಜಿಯೂ ಕೇಳಲಿಲ್ಲ. ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಏನು ಮಾತಾಡಿಕೊಂಡಿರಬಹುದು ಅಂತ ನನಗೆ ಗೊತ್ತು, ಯಾಕಂದ್ರೆ ಎಲ್ಲ ಸ್ಟಾಫ್ ರೂಮಿನಲ್ಲೂ ಅದೇ ಮಾತು: ನಮ್ಮ ಕಡೆ ಪಾಲಕರಿಗೆ ಕಾಳಜಿನೇ ಇಲ್ಲ.

ಈ ಮಾತನ್ನು ನಾನು ಒಪ್ಪುವುದಿಲ್ಲ. ಬಾಗಲಕೋಟೆ ಜಿಲ್ಲೆಯ ನಮ್ಮ ಊರಿನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಜೂನ್ ಬಂತು ಅಂದ್ರೆ ಅಂಗಡಿ ಮುಂದೆ ನಿಲ್ಲುವವರೆಲ್ಲ ಇದೇ 'ಕಾಳಜಿ ಇಲ್ಲದ' ಪಾಲಕರೇ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಆಧಾರ್‌ನಲ್ಲಿ ಒಂದು ಅಕ್ಷರ ತಪ್ಪಾಗಿದ್ದಕ್ಕೆ ತಿದ್ದುಪಡಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ, ಆಮೇಲೆ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ. ಒಂದು ಮಗುವಿನ ಸ್ಕಾಲರ್‌ಶಿಪ್‌ಗೆ ತಾಯಿಯೊಬ್ಬಳು ಎರಡು ದಿನದ ಕೂಲಿ ಬಿಟ್ಟು ನಾಡಕಚೇರಿಗೆ ಅಲೆಯುವುದನ್ನು ಪ್ರತಿ ವರ್ಷ ನೋಡುತ್ತೇನೆ. ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟ ಮಗಳ ಅಂಕಪಟ್ಟಿಯನ್ನು ಅವಳು ತೆಗೆಯುವ ರೀತಿ ನೋಡಬೇಕು, ಒದ್ದೆ ಕೈ ತಾಗದ ಹಾಗೆ ಎರಡು ಬೆರಳಲ್ಲಿ ಹಿಡಿದಿರುತ್ತಾಳೆ. ಶಾಲೆಯ ಲೆಕ್ಕದಲ್ಲಿ ಇವಳು ಸಭೆಗೆ ಗೈರುಹಾಜರು.

ಇನ್ನು ವಿಜಯಪುರಕ್ಕೆ ಹೋಗಿ ನೋಡಿ. 1963ರಿಂದ ಅಲ್ಲಿ ಸೈನಿಕ ಶಾಲೆ ಇದೆ. ಆ ಶಾಲೆಗೆ, ನವೋದಯಕ್ಕೆ ಸೀಟು ಸಿಗಲಿ ಅಂತ ಐದನೇ ಕ್ಲಾಸಿನ ಮಕ್ಕಳನ್ನು ಸಾಲ ಮಾಡಿ ಕೋಚಿಂಗ್ ಹಾಸ್ಟೆಲಿಗೆ ಬಿಡುವವರಲ್ಲಿ ರೈತರೇ ಬಹಳ. 2024ರ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 625 ತೆಗೆದ ಹುಡುಗಿ ಮುಧೋಳ ತಾಲ್ಲೂಕಿನ ಮೆಳ್ಳಿಗೇರಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯವಳು, ರೈತರ ಮನೆಯ ಮಗಳು. ಆಸೆಗೆ ಬರ ಇಲ್ಲ. ಹಾಗಾದ್ರೆ ಸಭೆಗೆ ಯಾಕೆ ಬರುವುದಿಲ್ಲ?

ಮೊದಲ ಕಾರಣ ಗಡಿಯಾರ, ಎರಡನೆಯದು ಕ್ಯಾಲೆಂಡರ್.

ರಬಕವಿ-ಬನಹಟ್ಟಿ, ಗುಳೇದಗುಡ್ಡ, ಇಳಕಲ್ ಕಡೆಯ ನೇಕಾರರ ಮನೆ ತಗೊಳ್ಳಿ. ಅಪ್ಪ ದಿನವಿಡೀ ಮನೆಯಲ್ಲೇ ಇರುತ್ತಾನೆ, ಶಾಲೆ ಹತ್ತು ನಿಮಿಷದ ದಾರಿ. ಬರಬಹುದಲ್ವಾ ಅಂತ ಹೊರಗಿನವರಿಗೆ ಅನ್ನಿಸುತ್ತದೆ. ಆದರೆ ಮಜೂರಿ ಸಿಗುವುದು ಸೀರೆಗಿಷ್ಟು ಅಂತ. ಮಗ್ಗ ನಿಂತರೆ ದುಡ್ಡು ನಿಂತ ಹಾಗೆ. ಕೈಮಗ್ಗದ ಮನೆಯಲ್ಲಿ ಗಂಡ ನೇಯುತ್ತಿದ್ದರೆ ಹೆಂಡತಿ ನೂಲಿನ ಕಂಡಿಕೆ ಸುತ್ತುತ್ತಿರುತ್ತಾಳೆ, ಒಬ್ಬರು ಎದ್ದರೆ ಇಬ್ಬರ ಕೆಲಸ ಹಾಳು. ಪವರ್‌ಲೂಮಿನವರಿಗಂತೂ ಕರೆಂಟ್ ಇದ್ದಾಗಲೇ ಕೆಲಸ, ಬೆಳಗಿನ 11 ಗಂಟೆಯ ಕರೆಂಟನ್ನು ಬಿಟ್ಟು ಭಾಷಣ ಕೇಳಲು ಯಾರು ಬರುತ್ತಾರೆ?

ಹೊಲದವರದು ಬೇರೆ ಕಥೆ. ಅಕ್ಟೋಬರ್‌ನಲ್ಲಿ ತಿಕೋಟಾ, ಬಬಲೇಶ್ವರ ಕಡೆ ದ್ರಾಕ್ಷಿ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ. ನವೆಂಬರ್‌ನಿಂದ ಬೆಳಗಾವಿ, ಬಾಗಲಕೋಟೆ ಎರಡೂ ಕಡೆ ಕಬ್ಬು ಕಡಿಯುವ ಹಂಗಾಮು. ಡಿಸೆಂಬರ್, ಜನವರಿಯಲ್ಲಿ ತೊಗರಿ, ಅದರ ಬೆನ್ನಿಗೇ ಜೋಳದ ಸುಗ್ಗಿ, ಒಣದ್ರಾಕ್ಷಿ. ಈಗ ಹೈಸ್ಕೂಲಿನ ವರ್ಷವನ್ನು ಇದರ ಪಕ್ಕ ಇಟ್ಟು ನೋಡಿ. ದಸರಾ ರಜೆಯ ತನಕ ಶಾಲೆಗೆ ಪಾಲಕರ ನೆನಪು ಅಷ್ಟಾಗಿ ಬರುವುದಿಲ್ಲ. ಅರ್ಧವಾರ್ಷಿಕ ಪರೀಕ್ಷೆಯ ಅಂಕ ಬಂದ ಮೇಲೆ ಗಾಬರಿ ಶುರು. ಜನವರಿ ಹೊತ್ತಿಗೆ ವಿಶೇಷ ತರಗತಿ, ಗುಂಪು ಅಧ್ಯಯನ, ಬೆಳಗಿನ ಜಾವ ಐದು ಗಂಟೆಗೆ ಮಕ್ಕಳನ್ನು ಎಬ್ಬಿಸಲು ಸರ್‌ಗಳ ಫೋನು. ಅಂದರೆ ಪಾಲಕರಿಗೆ ಮೈ ತುರಿಸಿಕೊಳ್ಳಲೂ ಪುರಸೊತ್ತಿಲ್ಲದ ತಿಂಗಳುಗಳಲ್ಲೇ ಶಾಲೆ ಅವರನ್ನು ಜಾಸ್ತಿ ಕರೆಯುತ್ತದೆ.

ಅಷ್ಟರಲ್ಲಿ ಬಹಳ ಜನ ಊರಲ್ಲೇ ಇರುವುದಿಲ್ಲ. ವಿಜಯಪುರ ಜಿಲ್ಲೆಯ ತಾಂಡಾಗಳಿಂದ ದೀಪಾವಳಿ ಆಸುಪಾಸಿನಲ್ಲಿ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಗೋವಾ, ಪುಣೆಗೆ ಗುಳೆ ಹೋಗುವವರು ಹೈಸ್ಕೂಲ್ ಮಕ್ಕಳನ್ನು ಅಜ್ಜ ಅಜ್ಜಿಯ ಹತ್ತಿರ ಬಿಟ್ಟು ಹೋಗುತ್ತಾರೆ. ನನ್ನ ಮುಂದೆ ಹೆಬ್ಬೆಟ್ಟು ಒತ್ತಿದ ಅಜ್ಜಿಯ ಮಗ, ಸೊಸೆ ಇಬ್ಬರೂ ಆಗಸ್ಟ್‌ನಲ್ಲೇ ಗೋವಾದಲ್ಲಿದ್ದರು.

2025ರ ನವೆಂಬರ್ 14ಕ್ಕೆ, ಮಕ್ಕಳ ದಿನಾಚರಣೆಯ ದಿನ, ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಪೋಷಕ-ಶಿಕ್ಷಕರ ಮಹಾಸಭೆ ನಡೆಸಲು ಇಲಾಖೆ ಹೇಳಿತು. (ಬೆಂಗಳೂರಿನವರು ಪೋಷಕರು ಅಂತಾರೆ, ನಾವು ಪಾಲಕರು ಅಂತೀವಿ, ಇರಲಿ.) ಒಳ್ಳೆಯ ವಿಚಾರವೇ, ತಪ್ಪು ಹೇಳುವುದಿಲ್ಲ. ಆದರೆ ಅದೇ ತಿಂಗಳು ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಿಂದ ಮುಧೋಳದ ತನಕ ಕಬ್ಬಿಗೆ ಟನ್ನಿಗೆ 3,500 ರೂಪಾಯಿ ಕೊಡಿ ಅಂತ ರೈತರು ರಸ್ತೆಯಲ್ಲಿದ್ದರು. ನಮ್ಮ ಕಡೆಯ ಅರ್ಧ ಮನೆಗಳಲ್ಲಿ ಬೇರೆ ಮಾತೇ ಇರಲಿಲ್ಲ. ಬೆಂಗಳೂರಿನಲ್ಲಿ ಕೂತು ಹಾಕಿದ ತಾರೀಖು ಇಡೀ ರಾಜ್ಯಕ್ಕೆ ಒಂದೇ ಆದಾಗ ಹೀಗೆ ಆಗುತ್ತದೆ. ನಮ್ಮಲ್ಲಿ ಬಹಳ ಮನೆಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ, ಅಮಾಸಿಗೂ ಹೊಲದ ಕೆಲಸ ಇಲ್ಲ. ತಾರೀಖನ್ನು ಆಯಾ ಶಾಲೆಗೇ ಬಿಟ್ಟಿದ್ದರೆ ಯಾವುದಾದರೂ ಹೆಡ್ ಮಾಸ್ತರ್ ಅಮಾಸಿ ಸಂಜೆಗೆ ಸಭೆ ಇಡುತ್ತಿದ್ದರೇನೋ.

ಆದರೆ ಟೈಮು ಸರಿ ಮಾಡಿದ ಮಾತ್ರಕ್ಕೆ ಎಲ್ಲ ಸರಿ ಹೋಗುವುದಿಲ್ಲ. ಹೈಸ್ಕೂಲಿಗೇ ವಿಶೇಷವಾದ ಒಂದು ತೊಂದರೆ ಇದೆ. ಪ್ರೈಮರಿ ಶಾಲೆ ಊರಿನಲ್ಲೇ ಇರುತ್ತದೆ. ಅಕ್ಕೋರು ಸಂತೆಯಲ್ಲಿ ಸಿಗುತ್ತಾರೆ, 'ನಿಮ್ಮ ಹುಡುಗಿ ನಿನ್ನೆ ಯಾಕ್ ಬಂದಿಲ್ಲಬೇ?' ಅಂತ ಅಲ್ಲೇ ಬದನೆಕಾಯಿ ಆರಿಸುತ್ತಾ ಕೇಳುತ್ತಾರೆ. ಅದಕ್ಕಿಂತ ದೊಡ್ಡ ಪಾಲಕರ ಸಭೆ ಬೇಕಾ? ಎಂಟನೇ ಕ್ಲಾಸಿಗೆ ಬಂದ ಮೇಲೆ ಮಗು ಪಕ್ಕದ ದೊಡ್ಡ ಊರಿಗೆ ಬಸ್ಸಿನಲ್ಲಿ ಹೋಗುತ್ತದೆ. ಅಲ್ಲಿ ವಿಷಯಕ್ಕೊಬ್ಬರು ಸರ್. ಗಣಿತದವರಿಗೆ ಗಣಿತ ಗೊತ್ತು, ಕನ್ನಡದವರಿಗೆ ಕನ್ನಡ ಗೊತ್ತು, ಇಡೀ ಮಗುವನ್ನು ಬಲ್ಲವರು ಯಾರೂ ಇಲ್ಲ. ತಾಯಿಗೂ ಅಷ್ಟೇ, ಯಾರನ್ನು ಕೇಳಬೇಕು ಅಂತ ಗೊತ್ತಾಗುವುದಿಲ್ಲ. ಮಗನೂ ಬರಬೇಡ ಅಂತಾನೆ. ಹದಿನಾಲ್ಕು ವರ್ಷದ ಹುಡುಗನಿಗೆ ಹೊಲದ ಸೀರೆಯಲ್ಲಿ ಬಂದ ಅವ್ವನನ್ನು ಗೆಳೆಯರ ಮುಂದೆ ನೋಡುವುದು ಮುಜುಗರ. ಇದನ್ನು ಹೇಳಿಕೊಳ್ಳುವವರು ಕಡಿಮೆ, ಆದರೆ ಇರುವುದು ಹೌದು.

ಕಾನೂನಿನಲ್ಲೂ ಒಂದು ಬಿರುಕಿದೆ. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಶಾಲಾ ಸಮಿತಿಯ ನಾಲ್ಕರಲ್ಲಿ ಮೂರು ಭಾಗ ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಅಂತಿದೆ. ಶಿಕ್ಷಕರು ಪಾಲಕರನ್ನು ಆಗಾಗ ಸೇರಿಸಿ ಮಗುವಿನ ಹಾಜರಾತಿ, ಕಲಿಕೆಯ ಬಗ್ಗೆ ತಿಳಿಸಬೇಕು ಅಂತ 24ನೇ ಸೆಕ್ಷನ್ ಹೇಳುತ್ತದೆ. ಆದರೆ ಆ ಕಾಯ್ದೆ 6ರಿಂದ 14 ವಯಸ್ಸಿಗೆ, ಎಂಟನೇ ಕ್ಲಾಸಿನ ತನಕ. ನಮ್ಮ ರಾಜ್ಯದಲ್ಲಿ ಹೈಸ್ಕೂಲು ಅಂದರೆ 8, 9, 10. ಒಂದೇ ಕಟ್ಟಡದಲ್ಲಿ ಎಂಟನೆಯವರು ಕಾಯ್ದೆ ಒಳಗೆ, ಒಂಬತ್ತು ಹತ್ತನೆಯವರು ಹೊರಗೆ. ಮಗು ಶಾಲೆ ಬಿಡುವ ಭಯ ಜಾಸ್ತಿ ಇರುವುದು ನೋಡಿದರೆ ಈ ಕೊನೆಯ ಎರಡು ವರ್ಷದಲ್ಲೇ.

ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಇದೆಯಲ್ಲ ಅನ್ನಬಹುದು. ಕರ್ನಾಟಕ 2001ರಲ್ಲೇ, ಕಾಯ್ದೆ ಬರುವ ಎಷ್ಟೋ ಮೊದಲೇ, ಆ ಸಮಿತಿ ಮಾಡಿತು. ಅದಕ್ಕೆ ಹೆಮ್ಮೆ ಪಡೋಣ. ಆದರೆ ಸಮಿತಿ ಮಾಡುವ ಕೆಲಸ ಕಾಂಪೌಂಡು, ಬೋರ್‌ವೆಲ್ಲು, ಕೋಣೆ ರಿಪೇರಿ. ಬೇಕಾದ ಕೆಲಸವೇ. ಅದರಿಂದ ನಿಮ್ಮ ಮಗನ ಗಣಿತ ಸುಧಾರಿಸುತ್ತದಾ? ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ 280 ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರು ಇದನ್ನು ಪರೀಕ್ಷೆ ಮಾಡಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಊರಿನವರನ್ನು ಸೇರಿಸಿ, ಶಿಕ್ಷಣ ಸಮಿತಿಗೆ ಏನೇನು ಅಧಿಕಾರ ಇದೆ ಅಂತ ಬಿಡಿಸಿ ಹೇಳಿದರು. ಅದಕ್ಕೆ ಮೊದಲು ತಾವು ಸಮಿತಿಯ ಸದಸ್ಯರು ಅನ್ನುವುದೇ ಗೊತ್ತಿಲ್ಲದ ಸದಸ್ಯರೂ ಸಿಕ್ಕಿದ್ದರು! ಎಲ್ಲ ಹೇಳಿದ ಮೇಲೂ ಪಾಲಕರ ಓಡಾಟ ಹೆಚ್ಚಲಿಲ್ಲ, ಶಿಕ್ಷಕರೂ ಬದಲಾಗಲಿಲ್ಲ, ಮಕ್ಕಳ ಕಲಿಕೆಯೂ ಏರಲಿಲ್ಲ. ಫಲ ಕೊಟ್ಟಿದ್ದು ಬೇರೆ: ಊರಿನ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು, ಶಾಲೆ ಮುಗಿದ ಮೇಲೆ ಓದಿಸುವ ಶಿಬಿರ ಮಾಡಿಸಿದ್ದು. ಅಂದರೆ ಜನರಿಗೆ ಸುಮ್ನೆ 'ಭಾಗವಹಿಸಿ' ಅಂದರೆ ಏನೂ ಆಗುವುದಿಲ್ಲ. ಕೈಗೆ ಒಂದು ಚಿಕ್ಕ, ಗೊತ್ತಾದ ಕೆಲಸ ಕೊಟ್ಟರೆ ಮಾಡುತ್ತಾರೆ.

ಹಾಗಾದ್ರೆ ಹೈಸ್ಕೂಲ್ ಮಗುವಿನ ಪಾಲಕರಿಗೆ ಏನು ಕೆಲಸ ಕೊಡಬೇಕು? ಮನೆಯಲ್ಲಿ ಪಾಠ ಹೇಳಿಕೊಡುವುದನ್ನಂತೂ ಅಲ್ಲ. ಅಮೆರಿಕದ ನ್ಯಾನ್ಸಿ ಹಿಲ್, ಡಯಾನಾ ಟೈಸನ್ ಅನ್ನುವ ಸಂಶೋಧಕಿಯರು ಅಲ್ಲಿನ ಮಿಡ್ಲ್ ಸ್ಕೂಲ್ ಮಕ್ಕಳ ಮೇಲಿನ 50 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 2009ರಲ್ಲಿ ನೋಡಿದರು. ಹೋಮ್‌ವರ್ಕ್‌ಗೆ ಸಹಾಯ ಮಾಡುವುದರಿಂದ ಲಾಭ ಕಾಣಲಿಲ್ಲ. ಎಲ್ಲಕ್ಕಿಂತ ಹೆಚ್ಚು ನಂಟು ಕಂಡದ್ದು ಓದು ಯಾಕೆ ಬೇಕು, ಮುಂದೆ ಏನಾಗಬೇಕು, ಅದಕ್ಕೆ ಈಗ ಏನು ಮಾಡಬೇಕು ಅಂತ ಮನೆಯಲ್ಲಿ ಮಗುವಿನ ಜೊತೆ ಮಾತಾಡುವುದಕ್ಕೆ. ಇದಕ್ಕೆ ಬೀಜಗಣಿತ ಬರಬೇಕಾಗಿಲ್ಲ. ಹೆಬ್ಬೆಟ್ಟಿನ ಅಜ್ಜಿಯೂ ಮಾಡಬಹುದು. ಆದರೆ ಮಾತಾಡಲು ಮನೆಯವರಿಗೆ ಮಾಹಿತಿ ಬೇಕು, ಅದನ್ನು ಶಾಲೆಯೇ ಕೊಡಬೇಕು.

ಎಷ್ಟು ಮಾಹಿತಿ? ಒಂದು ವಾಕ್ಯ ಸಾಕು. ಮ್ಯಾಥ್ಯೂ ಕ್ರಾಫ್ಟ್, ಟಾಡ್ ರಾಜರ್ಸ್ ಅನ್ನುವವರು ಅಮೆರಿಕದಲ್ಲಿ ಫೇಲಾಗಿ ಮತ್ತೆ ಓದುತ್ತಿದ್ದ ಹೈಸ್ಕೂಲ್ ಮಕ್ಕಳ ಮನೆಗೆ ವಾರಕ್ಕೊಂದು ಸಂದೇಶ ಕಳಿಸಿ ನೋಡಿದರು. ಶಿಕ್ಷಕರು ಬರೆದದ್ದು ಒಂದೇ ಸಾಲು. ಮತ್ತೆ ಫೇಲಾಗುವವರ ಪ್ರಮಾಣ ಶೇಕಡಾ 41ರಷ್ಟು ತಗ್ಗಿತು. ಹೊಗಳಿದ ಸಂದೇಶಕ್ಕಿಂತ, ಇನ್ನೇನು ಸುಧಾರಿಸಬೇಕು ಅಂತ ಹೇಳಿದ ಸಂದೇಶ ಜಾಸ್ತಿ ಕೆಲಸ ಮಾಡಿತು. 'ಗಣಿತದಾಗ ವೀಕ್' ಅನ್ನುವುದು ಅಂಥ ಸಂದೇಶ ಅಲ್ಲ ಬಿಡಿ. 'ಈ ವಾರ ಎರಡು ದಿನ ಬಂದಿಲ್ಲ, ಬಂದ ದಿನ ಹೋಮ್‌ವರ್ಕ್ ತೋರಿಸಿಲ್ಲ, ಗುರುವಾರ ನೋಟ್ಸ್ ತರಲು ಹೇಳಿ' ಅನ್ನುವುದು ಅಂಥದ್ದು. ಇದನ್ನು ಕೇಳಿದ ಅಪ್ಪ ಬುಧವಾರ ರಾತ್ರಿ ಮಗನಿಗೆ ಏನು ಕೇಳಬೇಕು ಅಂತ ತಿಳಿದುಕೊಂಡಿರುತ್ತಾನೆ.

ನಮ್ಮ ಶಾಲೆಗಳಲ್ಲಿ ವಾಟ್ಸಾಪ್ ಗ್ರೂಪು ಇದೆಯಲ್ಲ ಅಂತೀರಾ? ಇದೆ. ನನ್ನ ಮಗಳ ಕ್ಲಾಸಿನ ಗ್ರೂಪಿನಲ್ಲೂ ನಾನಿದ್ದೇನೆ. ಒಂದು ದಿನ ಅಂಗಡಿಯಲ್ಲಿ ಪುರಸೊತ್ತಿದ್ದಾಗ ಅದರಲ್ಲಿರುವ ನಂಬರುಗಳ ಫೋಟೋ ಒಂದೊಂದಾಗಿ ನೋಡಿದೆ. ಅರ್ಧಕ್ಕರ್ಧ ಹುಡುಗರದೇ ಮುಖ, ಕ್ರಿಕೆಟ್ ಆಟಗಾರರು, ಒಂದೆರಡು ಬುಲೆಟ್ ಬೈಕು. ಮನೆಗೆ ಇರುವುದು ಒಂದೇ ಸ್ಮಾರ್ಟ್‌ಫೋನು, ಅದು ಇರುವುದು ಮಗನ ಕೈಯಲ್ಲಿ. ಶಾಲೆ ಪಾಲಕರಿಗೆ ಅಂತ ಕಳಿಸುವ ಸಂದೇಶ ನೇರವಾಗಿ ಆರೋಪಿಗೇ ತಲುಪುತ್ತದೆ! ಅವನು ಅದನ್ನು ಅಪ್ಪನಿಗೆ ಓದಿ ಹೇಳುತ್ತಾನಾ? ನಾನಾಗಿದ್ದರೆ ಹೇಳುತ್ತಿರಲಿಲ್ಲ. ಮೇಲಾಗಿ ಸಂದೇಶ ಬರೆದಿರುವುದು ಕನ್ನಡದಲ್ಲೋ ಇಂಗ್ಲಿಷಿನಲ್ಲೋ, ತಾಂಡಾದ ತಾಯಿ ಮನೆಯಲ್ಲಿ ಆಡುವುದು ಲಂಬಾಣಿ, ನಿಪ್ಪಾಣಿ, ಖಾನಾಪುರ ಕಡೆ ಎಷ್ಟೋ ಮನೆಗಳಲ್ಲಿ ಮರಾಠಿ.

ಅದಕ್ಕೇ ನನಗೆ ಅನ್ನಿಸುವುದು, ಬರೆದ ಸಂದೇಶಕ್ಕಿಂತ ಫೋನಿನಲ್ಲಿ ಮಾತಾಡುವುದೇ ಮೇಲು. ಗುಳೆ ಹೋದ ಅಪ್ಪನ ಜೇಬಿನಲ್ಲೂ ಕೀಪ್ಯಾಡ್ ಫೋನು ಇರುತ್ತದೆ. ಗೋವಾದ ಸೈಟಿನಲ್ಲಿ ಸಂಜೆ ಏಳರ ಮೇಲೆ ಅವನು ಅನ್ನಕ್ಕೆ ಇಟ್ಟು ಕೂತಿರುತ್ತಾನೆ. ಲೆಕ್ಕ ಹಾಕಿ: ಕ್ಲಾಸಿಗೆ 46 ಮಕ್ಕಳು, ದಿನಕ್ಕೆ ಐದು ಫೋನು, ಒಂದಕ್ಕೆ ಎರಡು ಮೂರು ನಿಮಿಷ. ಎರಡು ವಾರದೊಳಗೆ ಇಡೀ ಕ್ಲಾಸು ಮುಗಿಯುತ್ತದೆ. ಶಾಲು, ಹಾರದ ಸಭೆಗೆ ಆಗುವ ಓಡಾಟಕ್ಕಿಂತ ಇದು ಕಡಿಮೆ.

ಶಿಕ್ಷಕರಿಗೆ ಇದು ಹೊರೆ ಅಲ್ವಾ ಅಂತ ಕೇಳುವವರಿಗೆ ನನ್ನ ಪೂರ್ತಿ ಸಹಮತ ಇದೆ. ಅವರ ಮೇಲೆ ಹೊರಿಸಿರುವುದು ಕಡಿಮೆ ಏನಿಲ್ಲ. 2025ರ ಸೆಪ್ಟೆಂಬರ್ 22ರಿಂದ ನಡೆದ ಜಾತಿ ಸಮೀಕ್ಷೆಯಲ್ಲಿ ಸರ್ಕಾರಿ ಶಿಕ್ಷಕರೇ ಮನೆ ಮನೆಗೆ ಹೋದರು, ಅದಕ್ಕಾಗಿ ದಸರಾ ರಜೆಯನ್ನು ಅಕ್ಟೋಬರ್ 18ರ ತನಕ ಎಳೆದರು. ನಮ್ಮ ಓಣಿಗೆ ಟೀಚರ್ ಒಬ್ಬರು ಬಂದು ಮನೆಯ ಮುಂದೆ ಕೂತು ಕೇಳಿದ್ದು 60 ಪ್ರಶ್ನೆ. ಬಿಸಿಲಿಗೆ ಮುಖ ಬಾಡಿತ್ತು, ಆ್ಯಪ್ ಮತ್ತೆ ಮತ್ತೆ ಕೈಕೊಡುತ್ತಿತ್ತು. ಒಬ್ಬ ಟೀಚರ್ ಹೀಗೆ ನಮ್ಮ ಓಣಿಯ ಎಲ್ಲ ಮನೆಗಳ ಕಟ್ಟೆ ಮೇಲೆ ಕೂತದ್ದು ನನ್ನ ನೆನಪಿನಲ್ಲಿ ಅದೇ ಮೊದಲು. ಆ 60ರ ಜೊತೆಗೆ 'ನಿಮ್ಮ ಮಗು ಮನೆಯಲ್ಲಿ ಎಲ್ಲಿ ಕೂತು ಓದುತ್ತದೆ?' ಅಂತ ಇನ್ನೊಂದು ಕೇಳಿದ್ದರೆ ಶಾಲೆಗೆ ಎಷ್ಟೋ ಗೊತ್ತಾಗುತ್ತಿತ್ತು. ಮಗ್ಗದ ಮನೆಯ ಸದ್ದಿನಲ್ಲಿ ಓದುವ ಹುಡುಗಿಯನ್ನು 'ಗಮನ ಕೊಡುವುದಿಲ್ಲ' ಅಂತ ಬಯ್ಯುವುದಾದರೂ ತಪ್ಪುತ್ತಿತ್ತು.

ಪಾಲಕರಿಗೆ ಗೊತ್ತಿಲ್ಲದೆ ನಷ್ಟ ಆಗುವ ವಿಷಯಗಳೂ ಇವೆ. ಎಸ್ಸೆಸ್ಸೆಲ್ಸಿಗೆ ಕೂರಲು ಶೇಕಡಾ 75 ಹಾಜರಾತಿ ಬೇಕು, ಹದಿನೈದು ದಿನ ಕಬ್ಬಿಗೆ, ಹತ್ತು ದಿನ ಮದುವೆ ಜಾತ್ರೆಗೆ ಅಂತ ಬಿಡಿಸಿದರೆ ಎಲ್ಲಿಗೆ ಬಂದು ನಿಲ್ಲುತ್ತದೆ ಅಂತ ಯಾರೂ ಕೂಡಿಸಿ ಹೇಳಿರುವುದಿಲ್ಲ. ಬಹಳಷ್ಟು ವಿಷಯಗಳಲ್ಲಿ 100ಕ್ಕೆ 20 ಅಂಕ ಶಾಲೆಯಲ್ಲೇ ವರ್ಷವಿಡೀ ಸಿಗುವ ಆಂತರಿಕ ಅಂಕ ಅನ್ನುವುದು ನನ್ನ ಅಂಗಡಿಗೆ ಬರುವ ಹತ್ತು ಜನರಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ. ಇದಕ್ಕಿಂತ ದೊಡ್ಡದು ಫೇಲಾದ ಮೇಲಿನ ಮಾತು. ಪರೀಕ್ಷಾ ಕೋಣೆಗೆ ಕ್ಯಾಮೆರಾ ಬಂದ 2024ರಲ್ಲಿ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇಕಡಾ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಕೊಟ್ಟ ಮೇಲೆ. ಫೇಲಾಗುವವರು ಹೆಚ್ಚಾದರು. ಅದೇ ಸಾಲಿನಲ್ಲಿ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಇದೆ, ಆದರೆ ಮೊದಲ ಫಲಿತಾಂಶ ಬಂದ ವಾರದಲ್ಲಿ ಆ ಸುದ್ದಿ ಮನೆಗೆ ತಲುಪದಿದ್ದರೆ ಹುಡುಗನನ್ನು ಗೌಂಡಿ ಕೆಲಸಕ್ಕೆ ಹಚ್ಚಿರುತ್ತಾರೆ, ಹುಡುಗಿಗೆ ಗಂಡು ನೋಡಲು ಶುರು ಮಾಡಿರುತ್ತಾರೆ. ಹದಿನೆಂಟು ತುಂಬದೆ ಮದುವೆ ಮಾಡುವುದು ಅಪರಾಧ ಅಂತ ಎಲ್ಲರಿಗೂ ಗೊತ್ತು. ಆದರೂ ನಮ್ಮ ಜಿಲ್ಲೆಗಳಲ್ಲಿ ಅದು ನಿಂತಿಲ್ಲ. ಹತ್ತನೇ ಕ್ಲಾಸು ಫೇಲಾದ ಹುಡುಗಿಯ ತಾಯಿಗೆ ಆ ವಾರ ಬರುವ ಒಂದು ಫೋನಿಗೆ ವರ್ಷಕ್ಕೆ ನಾಲ್ಕು ಸಭೆ ಮಾಡಿದ ತೂಕ ಇದೆ ಅಂತ ನಾನು ನಂಬುತ್ತೇನೆ.

ತಾಯಂದಿರ ಮಾತು ಬಂತು. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಫ್ರೀ. ಪಕ್ಕದೂರಿನ ಹೈಸ್ಕೂಲಿಗೆ ಬಂದು ಹೋಗಲು ಈಗ ತಾಯಿ ಗಂಡನ ಹತ್ತಿರ ಚಾರ್ಜಿಗೆ ದುಡ್ಡು ಕೇಳಬೇಕಿಲ್ಲ. ನಮ್ಮ ಶಾಲೆಯ ಸಭೆಗೆ ಬಂದ ಒಂಬತ್ತು ಜನರಲ್ಲಿ ಆರು ಹೆಂಗಸರಿದ್ದರು. ಆದರೂ ಮುಂದೆ ಕೂರಿಸಿ ಶಾಲು ಹೊದಿಸಿದ್ದು ಗಂಡಸರಿಗೇ.

ಇನ್ನೊಂದು ಹಳೆಯ ಅಭ್ಯಾಸ. ಅಪ್ಪಂದಿರು ಶಾಲೆಗೆ ಬಂದರೆ ಸರ್‌ಗೆ ಹೇಳುವುದು ಒಂದೇ ಮಾತು: 'ಚಲೋತ್ನ್ಯಾಗ ಬಡೀರಿ ಸರ, ನಾ ಏನೂ ಕೇಳಂಗಿಲ್ಲ.' ಹೊಡೆಯುವುದನ್ನು ಕಾಯ್ದೆ ಎಂದೋ ನಿಷೇಧಿಸಿದೆ. ಅಪ್ಪನಿಗೂ ನಿಜವಾಗಿ ಹೊಡೆಸುವ ಆಸೆ ಇರುವುದಿಲ್ಲ. ಶಾಲೆಯಲ್ಲಿ ನಿಂತು ಆಡಲು ಅವನಿಗೆ ಬೇರೆ ಮಾತು ಯಾರೂ ಕಲಿಸಿಲ್ಲ, ಅಷ್ಟೇ.

ಜನವರಿಯಿಂದ ನನ್ನ ಮಗಳ ಶಾಲೆಯ ಸರ್ ಒಬ್ಬರು ತಮ್ಮಷ್ಟಕ್ಕೆ ತಾವೇ ಸಂಜೆ ಫೋನು ಮಾಡಲು ಶುರು ಮಾಡಿದ್ದಾರೆ. ಯಾರ ಆದೇಶವೂ ಇಲ್ಲ. ನನ್ನ ಪಕ್ಕದ ಮನೆಯವರದು ಎರಡು ಪವರ್‌ಲೂಮು, ಅವರ ಮಗಳೂ ಅದೇ ಕ್ಲಾಸು. ಒಂದು ರಾತ್ರಿ ನಾನು ಅಲ್ಲೇ ಕೂತಿದ್ದಾಗ ಫೋನು ಬಂತು. ಅವರು ಎದ್ದು ಒಂದು ಮಗ್ಗ ನಿಲ್ಲಿಸಿದರು. ಸದ್ದಿಗೆ ಇನ್ನೂ ಕೇಳಿಸಲಿಲ್ಲ, ಇನ್ನೊಂದನ್ನೂ ನಿಲ್ಲಿಸಿದರು. ಸ್ಪೀಕರ್ ಹಾಕಿದರು. ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು.

'ವಿಜ್ಞಾನ ಚಲೋ ಮಾಡ್ಯಾಳ್ರಿ. ಗಣಿತದಾಗ ಸಮೀಕರಣ ಬರವಲ್ದು. ದಿನಾ ಐದ ಲೆಕ್ಕ ಕೊಡ್ತೀನಿ, ರಾತ್ರಿ ಮಾಡ್ಯಾಳೋ ಇಲ್ಲೋ ಅಂತ ಅಷ್ಟ ನೋಡ್ರಿ.'

'ನೋಡೂದ ನೋಡ್ತೀನ್ರಿ ಸರ, ಆದ್ರ ತಪ್ಪೋ ಬರೋಬ್ಬರೋ ನನಗೆಲ್ಲಿ ತಿಳೀತೈತ್ರಿ?'

'ಅದನ್ನ ನಾ ನೋಡ್ತೀನ್ರಿ. ನೀವು ಐದು ಅದಾವೋ ಇಲ್ಲೋ ಎಣಸ್ರಿ ಸಾಕು.'

ಅವರು ಫೋನಿಟ್ಟು ಮಗಳ ನೋಟ್‌ಬುಕ್ ತರಿಸಿಕೊಂಡರು. ಬೆರಳಿಟ್ಟು ಎಣಿಸಿದರು. ಮೂರಿದ್ದವು. ಇನ್ನೆರಡು ಆಗುವ ತನಕ ಮಗ್ಗ ಶುರು ಮಾಡಲಿಲ್ಲ.